ಬಿಟ್ಟಿ ಭಾಗ್ಯವೋ, ಪ್ರಜೆಯ ಹಕ್ಕೋ?

(ಜನಕಲ್ಯಾಣ ಯೋಜನೆಗಳ ಕುರಿತ ಸಾರ್ವಜನಿಕ ವಿಚಾರ ಸಂಕಿರಣವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ಚರ್ಚೆಯನ್ನು ಒಂದು ಪದದಿಂದ ಆರಂಭಿಸುವುದು ಸೂಕ್ತವೆಂದು ಭಾವಿಸುತ್ತೇವೆ. ಅದು ‘ಬಿಟ್ಟಿ’ ಎಂಬ ಪದ. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ವಿದ್ಯುತ್ತು, ಬಿಟ್ಟಿ ದುಡ್ಡು ಎಂಬ ಮಾತುಗಳು 2023ರ ನಂತರ ನಮ್ಮ ರಾಜ್ಯದ ಅಂಗಡಿಗಳಲ್ಲಿ, ಮದುವೆ ಮಂಟಪಗಳಲ್ಲಿ, ಕಚೇರಿಗಳಲ್ಲಿ ದಿನನಿತ್ಯ ಕೇಳಿ ಬರುತ್ತಿವೆ. ಆದರೆ ಈ ಪದದ ಚರಿತ್ರೆಯೇನು? ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ ಎಂಬುದು ಅದರ ಮೂಲ ಅರ್ಥ. ‘ಬಿಟ್ಟಿ ಬೇಗಾರಿ’, ‘ಬಿಟ್ಟಿ ಚಾಕರಿ’ ಎಂಬ ನುಡಿಗಟ್ಟುಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಬಡವನು ಅರಸನಿಗೆ ಬಿಟ್ಟಿ ಸಲ್ಲಿಸಿದನು, ಜಮೀನುದಾರನಿಗೆ ಬಿಟ್ಟಿ ದುಡಿದನು. ಸ್ವತಂತ್ರ ಭಾರತದ ಸಂವಿಧಾನವು 23ನೇ ವಿಧಿಯಲ್ಲಿ ಈ ಬೇಗಾರಿಯನ್ನು ನಿಷೇಧಿಸಬೇಕಾಯಿತು. ವಿಪರ್ಯಾಸವೆಂದರೆ, ಶತಮಾನಗಳ ಕಾಲ ಬಿಟ್ಟಿಯನ್ನು ಕೊಟ್ಟವರ ಮಕ್ಕಳನ್ನೇ ಇಂದು ಬಿಟ್ಟಿಯನ್ನು ತಿನ್ನುವವರೆಂದು ಹೀಯಾಳಿಸಲಾಗುತ್ತಿದೆ!

ಇನ್ನೊಂದು ಪದ ‘ಭಾಗ್ಯ’. 2013ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಬಂತು, ಕ್ಷೀರಭಾಗ್ಯ ಬಂತು. ಹೆಸರಿಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಭಾಗ್ಯವೆಂದರೆ ಅದೃಷ್ಟ. ಅದು ಯಾರಿಗೋ ಒಲಿಯುತ್ತದೆ, ಯಾರಿಗೋ ಒಲಿಯುವುದಿಲ್ಲ. ಒಲಿಯದಿದ್ದರೆ ಯಾರನ್ನೂ ಪ್ರಶ್ನಿಸುವಂತಿಲ್ಲ. ಮೂರನೆಯ ಪದ ‘ಫಲಾನುಭವಿ’. ಸರಕಾರಿ ಕಡತಗಳಲ್ಲಿ ಪ್ರಜೆಗೆ ಇರುವ ಹೆಸರು ಇದು. ಮರ ನೆಟ್ಟವರು ಬೇರಾರೋ, ಹಣ್ಣು ತಿನ್ನುವವನು ಮಾತ್ರ ಇವನು ಎಂಬ ಧ್ವನಿ ಅದರಲ್ಲಿದೆ. ಬಿಟ್ಟಿ, ಭಾಗ್ಯ, ಫಲಾನುಭವಿ ಎಂಬ ಈ ಮೂರು ಪದಗಳಲ್ಲಿ ‘ಹಕ್ಕು’ ಎಂಬ ಪದಕ್ಕೆ ಜಾಗವಿಲ್ಲ. ಜನಕಲ್ಯಾಣದ ರಾಜಕೀಯವು ಅಡಗಿರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಅಪಹಾಸ್ಯದಿಂದ ಒಪ್ಪಿಗೆಯವರೆಗೆ

ಇಂದು ನಾವು ಕೇಳುತ್ತಿರುವ ಆಕ್ಷೇಪಗಳು ಹೊಸತೇನೂ ಅಲ್ಲ. ಶಾಲಾ ಮಕ್ಕಳ ಬಿಸಿಯೂಟದ ಇತಿಹಾಸವನ್ನು ಒಮ್ಮೆ ನೋಡಿರಿ. 1920ರಲ್ಲಿ ಮದ್ರಾಸಿನಲ್ಲಿ ಜಸ್ಟಿಸ್ ಪಕ್ಷದ ಆಡಳಿತವಿದ್ದ ಕಾರ್ಪೊರೇಷನ್ ತನ್ನ ಶಾಲೆಯಲ್ಲಿ ಮಕ್ಕಳಿಗೆ ಉಪಾಹಾರ ನೀಡಲು ಮುಂದಾಯಿತು. 1950ರ ದಶಕದಲ್ಲಿ ಮುಖ್ಯಮಂತ್ರಿ ಕಾಮರಾಜರು ಮಧ್ಯಾಹ್ನದ ಊಟವನ್ನು ರಾಜ್ಯದ ಶಾಲೆಗಳಿಗೆ ವಿಸ್ತರಿಸಿದರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬೃಹತ್ ಪ್ರಮಾಣದಲ್ಲಿ ಜಾರಿಗೊಳಿಸಿದಾಗ ಇದು ಓಟಿನ ಊಟ, ಖಜಾನೆ ಬರಿದಾಗುತ್ತದೆ ಎಂಬ ಟೀಕೆಗಳ ಸುರಿಮಳೆಯಾಯಿತು. 1983ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಕಿಲೋಗೆ 2 ರೂಪಾಯಿಯ ಅಕ್ಕಿ ನೀಡಿದಾಗಲೂ ಇದೇ ರಾಗವಿತ್ತು.

2001ರ ಸುಮಾರಿಗೆ ದೇಶದ ಸರಕಾರಿ ಗೋದಾಮುಗಳಲ್ಲಿ 6 ಕೋಟಿ ಟನ್‌ಗಳಷ್ಟು ಧಾನ್ಯ ತುಂಬಿತ್ತು. ಅದೇ ವೇಳೆಗೆ ಬರಪೀಡಿತ ರಾಜ್ಯಗಳಲ್ಲಿ ಜನರು ಹಸಿದಿದ್ದರು. ಪಿಯುಸಿಎಲ್ ಸಂಘಟನೆಯು ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯವು ಎಲ್ಲ ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು, ಬಳಿಕ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಇಂದು ಬಿಸಿಯೂಟವನ್ನು ನಿಲ್ಲಿಸುತ್ತೇವೆ ಎಂದು ಹೇಳುವ ಧೈರ್ಯ ಯಾವ ಪಕ್ಷಕ್ಕಿದೆ?

ಇಲ್ಲಿ ನಾವು ಗಮನಿಸಬೇಕಾದ ಅಂಶವೇನೆಂದರೆ, ಊಟ ಬದಲಾಗಲಿಲ್ಲ, ಅದರ ಸ್ಥಾನಮಾನ ಬದಲಾಯಿತು. ಮುಖ್ಯಮಂತ್ರಿಯೊಬ್ಬರ ಔದಾರ್ಯವಾಗಿದ್ದಷ್ಟು ಕಾಲ ಅದು ಅಪಹಾಸ್ಯಕ್ಕೆ ಗುರಿಯಾಯಿತು. ನ್ಯಾಯಾಲಯದ ಆದೇಶವಾಗಿ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಮಗುವಿನ ಹಕ್ಕಾಗಿ ಸೇರಿದಾಗ ಅದು ಸಹಜವಾಯಿತು. ಅದೇ ಕಾಯ್ದೆಯು ಗ್ರಾಮೀಣ ಜನರಲ್ಲಿ ಶೇ. 75ರವರೆಗೆ, ನಗರವಾಸಿಗಳಲ್ಲಿ ಶೇ. 50ರವರೆಗೆ ಪಡಿತರ ಧಾನ್ಯದ ಹಕ್ಕನ್ನು ವಿಸ್ತರಿಸಿತು. 2020ರ ಲಾಕ್‌ಡೌನ್‌ನಲ್ಲಿ ಕೆಲಸವೂ ಇಲ್ಲದೆ, ಊರಿಗೆ ಮರಳಲು ದಾರಿಯೂ ಇಲ್ಲದೆ ಕೋಟ್ಯಂತರ ಜನರು ಕಂಗಾಲಾದಾಗ, ಅವರನ್ನು ಉಳಿಸಿದ್ದು ಇದೇ ಕಾಯ್ದೆಯ ಪಡಿತರ ವ್ಯವಸ್ಥೆ. ಇದ್ದಕ್ಕಿದ್ದಂತೆ 80 ಕೋಟಿ ಜನರಿಗೆ ಹೆಚ್ಚುವರಿ ಧಾನ್ಯ ತಲುಪಿಸಲು ಸಾಧ್ಯವಾದದ್ದು ಪಟ್ಟಿ, ಗೋದಾಮು, ನ್ಯಾಯಬೆಲೆ ಅಂಗಡಿ ಎಲ್ಲವೂ ಮೊದಲೇ ಇದ್ದುದರಿಂದಲ್ಲವೇ?

ಯಾರಿಗೆ ಸಿಕ್ಕಿದರೆ ಬಿಟ್ಟಿ?

ಈಗ ನಮ್ಮ ರಾಜ್ಯದ ಗ್ಯಾರಂಟಿ ಯೋಜನೆಗಳತ್ತ ಬರೋಣ. 2023ರ ಮೇ ತಿಂಗಳ ಚುನಾವಣೆಯ ನಂತರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಆರಂಭವಾಯಿತು. ಗೃಹಬಳಕೆಗೆ 200 ಯುನಿಟ್‌ವರೆಗಿನ ವಿದ್ಯುತ್ತಿನ ‘ಗೃಹಜ್ಯೋತಿ’, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿಯ ‘ಗೃಹಲಕ್ಷ್ಮಿ’, ಹೆಚ್ಚುವರಿ ಅಕ್ಕಿಯ ಅನ್ನಭಾಗ್ಯ, 2024ರ ಜನವರಿಯಲ್ಲಿ ಉದ್ಯೋಗವಿಲ್ಲದ ಪದವೀಧರರಿಗಾಗಿ ‘ಯುವನಿಧಿ’ ಬಂದವು. 2025-26ರ ಆಯವ್ಯಯದ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಗ್ಯಾರಂಟಿಗಳಿಗೆ ಮೀಸಲಿಟ್ಟದ್ದು 51,034 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಈ ಬಗ್ಗೆ ಪ್ರಶ್ನೆ ಕೇಳುವುದು ಪ್ರಜೆಯ ಕರ್ತವ್ಯ. ಆದರೆ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಬೇಕು.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು ಕಂಪೆನಿಗಳ ಮೂಲ ತೆರಿಗೆ ದರವನ್ನು, ಇತರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳಿಗೆ, ಶೇ. 30ರಿಂದ ಶೇ. 22ಕ್ಕೆ ಇಳಿಸಿತು. ಈ ಕ್ರಮಗಳಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ತಪ್ಪುತ್ತದೆಂದು ಅಂದು ಸರಕಾರವೇ ಹೇಳಿತು. ಅನಂತರ 14 ಉದ್ಯಮ ಕ್ಷೇತ್ರಗಳಿಗೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನವಾಗಿ 1.97 ಲಕ್ಷ ಕೋಟಿ ರೂಪಾಯಿ ಘೋಷಿಸಲಾಯಿತು. 2014-15ರಿಂದ 2022-23ರವರೆಗಿನ 9 ವರ್ಷಗಳಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿಯ ವಸೂಲಾಗದ ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆದವೆಂದೂ, ಅದರಲ್ಲಿ ಸುಮಾರು ಅರ್ಧದಷ್ಟು ದೊಡ್ಡ ಉದ್ಯಮಗಳದ್ದೆಂದೂ ಸಂಸತ್ತಿಗೆ ತಿಳಿಸಲಾಯಿತು. ಲೆಕ್ಕದಿಂದ ತೆಗೆಯುವುದೆಂದರೆ ಸಾಲಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂಬ ಸಮಜಾಯಿಷಿ ಸರಿಯಾದುದೇ. ಆದರೆ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಹೆಂಗಸಿನ ಪರವಾಗಿ ಇಷ್ಟು ಸೂಕ್ಷ್ಮವಾದ ಸಮಜಾಯಿಷಿಯನ್ನು ಯಾರಾದರೂ ನೀಡಿದ್ದಾರೆಯೇ?

ಶ್ರೀಮಂತನಿಗೆ ಕೊಟ್ಟರೆ ಅದು ಉತ್ತೇಜನ. ಮಧ್ಯಮ ವರ್ಗಕ್ಕೆ ಕೊಟ್ಟರೆ ರಿಯಾಯಿತಿ. ಬಡವನಿಗೆ ಕೊಟ್ಟರೆ ಮಾತ್ರ ಬಿಟ್ಟಿ! ಪಟ್ಟಣಗಳಲ್ಲಿ ವಾಸಿಸುವ ನಮ್ಮಂಥವರೂ ಈ ಲೆಕ್ಕದಿಂದ ಹೊರಗಿಲ್ಲ. ಸರಕಾರಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಪ್ರತಿಯೊಬ್ಬನ ಶಿಕ್ಷಣದ ವೆಚ್ಚದ ಬಹುಪಾಲನ್ನು ಸಾರ್ವಜನಿಕರ ತೆರಿಗೆ ಭರಿಸಿದೆ. ಆ ತೆರಿಗೆಯನ್ನು ಬೀಡಿ ಕಟ್ಟುವ ಮಹಿಳೆಯೂ ಕಟ್ಟುತ್ತಾಳೆ. ಸೋಪು, ಚಪ್ಪಲಿ, ಔಷಧ ಕೊಳ್ಳುವಾಗಲೆಲ್ಲ ಆಕೆ ತೆರಿಗೆ ಸಲ್ಲಿಸುತ್ತಾಳೆ. ‘ನಮ್ಮ ತೆರಿಗೆ ಹಣ’ ಎಂಬ ಮಾತಿನಲ್ಲಿರುವ ‘ನಮ್ಮ’ ಎಂಬ ಪದವು ಆಕೆಯನ್ನೂ ಒಳಗೊಳ್ಳುತ್ತದೆ ಎಂಬುದನ್ನು ನಾವು ಮರೆಯಬಾರದು.

ಸೋಮಾರಿತನದ ಆರೋಪ

ಜನರು ಸೋಮಾರಿಗಳಾಗುತ್ತಾರೆ, ತೋಟಕ್ಕೆ ಆಳು ಸಿಗುತ್ತಿಲ್ಲ ಎಂಬುದು ಪದೇ ಪದೇ ಕೇಳಿ ಬರುವ ದೂರು. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿಗಳು ಇಂಡೋನೇಶ್ಯ, ಮೊರೊಕ್ಕೊ, ಮೆಕ್ಸಿಕೊ, ಫಿಲಿಪ್ಪೀನ್ಸ್ ಸೇರಿದಂತೆ 6 ದೇಶಗಳಲ್ಲಿ ಬಡವರಿಗೆ ನಗದು ನೀಡುವ 7 ಯೋಜನೆಗಳ ಅಂಕಿ-ಅಂಶಗಳನ್ನು ಒಟ್ಟಾಗಿ ಪರಿಶೀಲಿಸಿದರು. ಹಣ ಪಡೆದವರು ದುಡಿಮೆಯನ್ನು ಕಡಿಮೆ ಮಾಡಿದರು ಎಂಬುದಕ್ಕೆ ಅವರಿಗೆ ವ್ಯವಸ್ಥಿತವಾದ ಯಾವ ಪುರಾವೆಯೂ ದೊರೆಯಲಿಲ್ಲ.

ಇದನ್ನು ತಿಳಿಯಲು ದೂರದ ಅಧ್ಯಯನವೇ ಬೇಕೆಂದಿಲ್ಲ. ಮನೆಗೆಲಸಕ್ಕಾಗಿಯೋ ಗಾರ್ಮೆಂಟ್ ಕಾರ್ಖಾನೆಗಾಗಿಯೋ ದಿನವೂ ಬಸ್ಸೇರುವ ಮಹಿಳೆಗೆ ಹೋಗಿ ಬರಲು 50 ರೂಪಾಯಿ ತಗಲುತ್ತಿತ್ತು ಎಂದಿಟ್ಟುಕೊಳ್ಳೋಣ. ತಿಂಗಳಲ್ಲಿ 25 ದಿನಕ್ಕೆ ಅದು 1250 ರೂಪಾಯಿಯಾಗುತ್ತದೆ. ಆ ಹಣ ಉಳಿದರೆ ಆಕೆ ಮನೆಯಲ್ಲಿ ಕುಳಿತುಕೊಳ್ಳುತ್ತಾಳೆಯೇ ಅಥವಾ ಸ್ವಲ್ಪ ದೂರವಾದರೂ ಸರಿ, ಹೆಚ್ಚು ಕೂಲಿ ಸಿಗುವ ಕೆಲಸವನ್ನು ಹುಡುಕುತ್ತಾಳೆಯೇ? ಬಸ್ಸು ಹತ್ತದೆ ಉಚಿತ ಪ್ರಯಾಣದ ಲಾಭವಿಲ್ಲ. 2025ರ ಜುಲೈ ಹೊತ್ತಿಗೆ ಶಕ್ತಿ ಯೋಜನೆಯ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಇದು ಮನೆಯಿಂದ ಹೊರಗೆ ಹೊರಟ ಹೆಣ್ಣುಮಕ್ಕಳ ಲೆಕ್ಕವೇ ಹೊರತು ಮಲಗಿದವರ ಲೆಕ್ಕವಲ್ಲ. ಇನ್ನು, ಹೊಟ್ಟೆ ತುಂಬಿದವನು ಕಡಿಮೆ ಕೂಲಿಗೆ ಬರಲೊಪ್ಪುವುದಿಲ್ಲ ಎಂಬುದೇ ದೂರಾದರೆ, ಅದು ಸೋಮಾರಿತನದ ದೂರಲ್ಲ. ಹಸಿವೆಯ ಭಯವಿಲ್ಲದ ಕೂಲಿಕಾರನು ಚೌಕಾಸಿ ಮಾಡುತ್ತಾನೆಂಬ ದೂರು ಅದು. ಅಂಥ ಚೌಕಾಸಿಯ ಶಕ್ತಿ ಬಡವನಿಗೆ ಬರಬಾರದೆಂದು ನಾವು ಬಯಸುತ್ತೇವೆಯೇ?

‘ಅವರಿಗೆ’ ಕೊಡುತ್ತಾರೆ ಎಂಬ ವಿಷ

ಹಾಗಾದರೆ ಪುರಾವೆಯಿಲ್ಲದ ಈ ಮನೋಭಾವವು ಏಕೆ ಸಾಯುವುದಿಲ್ಲ? ಇದಕ್ಕೆ ಉತ್ತರ ಹುಡುಕಲು ಅಮೇರಿಕದ ಒಂದು ಅನುಭವ ಸಹಾಯಕವಾಗುತ್ತದೆ. 1976ರಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿತನಕ್ಕಾಗಿ ಪ್ರಚಾರ ನಡೆಸುತ್ತಿದ್ದ ರೊನಾಲ್ಡ್ ರೇಗನ್, ಹಲವು ಸುಳ್ಳು ಹೆಸರುಗಳಲ್ಲಿ ಸರಕಾರಿ ನೆರವು ಪಡೆದ ಚಿಕಾಗೊದ ಮಹಿಳೆಯೊಬ್ಬಳ ಕಥೆಯನ್ನು ಊರೂರಿನಲ್ಲಿ ಹೇಳಿದರು. ‘ವೆಲ್ಫೇರ್ ರಾಣಿ’ ಎಂಬ ಹೆಸರು ಪ್ರಚಾರಕ್ಕೆ ಬಂತು. ಒಬ್ಬಳ ವಂಚನೆಯು ಲಕ್ಷಾಂತರ ಬಡ ತಾಯಂದಿರ ಗುರುತಾಯಿತು. ಕೇಳುಗರ ಮನಸ್ಸಿನಲ್ಲಿ ಆ ರಾಣಿಯ ಮೈಬಣ್ಣ ಕಪ್ಪಾಗಿತ್ತು. 1999ರಲ್ಲಿ ಮಾರ್ಟಿನ್ ಗಿಲೆನ್ಸ್ ಎಂಬ ರಾಜ್ಯಶಾಸ್ತ್ರಜ್ಞರು ಪ್ರಕಟಿಸಿದ ಸಂಶೋಧನೆಯು ಒಂದು ವಿಚಿತ್ರವನ್ನು ಹೊರಗೆಡವಿತು. ಶಿಕ್ಷಣ, ಆರೋಗ್ಯ, ವೃದ್ಧರ ನೆರವು ಮುಂತಾದವುಗಳಿಗೆ ಸರಕಾರ ಖರ್ಚು ಮಾಡುವುದನ್ನು ಬೆಂಬಲಿಸುವ ಅದೇ ಅಮೇರಿಕನ್ನರು ‘ವೆಲ್ಫೇರ್’ ಅನ್ನು ಮಾತ್ರ ದ್ವೇಷಿಸುತ್ತಿದ್ದರು. ಕರಿಯರು ಸೋಮಾರಿಗಳು ಎಂಬ ಪೂರ್ವಗ್ರಹ ಮತ್ತು ಬಡವರೆಂದರೆ ಕರಿಯರೇ ಎಂಬಂತೆ ಪತ್ರಿಕೆಗಳು, ಟಿ.ವಿ.ಗಳು ತೋರಿಸಿದ ಚಿತ್ರಗಳು ಇದರ ಹಿಂದಿದ್ದವು. ಸಮೀಕ್ಷೆಗಳಲ್ಲಿ ‘ಬಡವರಿಗೆ ನೆರವು’ ಎಂದು ಕೇಳಿದರೆ ಹೆಚ್ಚಿನವರು ಹೌದೆನ್ನುತ್ತಿದ್ದರು, ‘ವೆಲ್ಫೇರ್’ ಎಂದು ಕೇಳಿದೊಡನೆ ಬೆಂಬಲ ಕುಸಿಯುತ್ತಿತ್ತು. 1996ರಲ್ಲಿ ಆ ದೇಶವು ಬಡ ಕುಟುಂಬಗಳ ನಗದು ನೆರವಿಗೆ ಜೀವಮಾನದಲ್ಲಿ 5 ವರ್ಷಗಳ ಮಿತಿ ಹಾಕಿತು. ಆ ಮಿತಿಯು ಕಪ್ಪು ಬಡವನಿಗೂ ಬಿಳಿ ಬಡವನಿಗೂ ಸಮಾನವಾಗಿ ಅನ್ವಯವಾಯಿತು. ನೆರೆಯವನ ಮೇಲಿನ ಸಿಟ್ಟಿಗೆ ತನ್ನ ತಟ್ಟೆಯನ್ನೇ ಒಡೆದುಕೊಂಡ ಹಾಗಾಯಿತು!

ಇದು ನಮಗೆ ಪರಿಚಿತವಾದ ಕಥೆಯಲ್ಲವೇ? 2013ರಲ್ಲಿ ಕರ್ನಾಟಕ ಸರಕಾರವು ‘ಬಿದಾಯಿ’ ಎಂಬ ಯೋಜನೆಯನ್ನು ತಂದಿತು. ಅಲ್ಪಸಂಖ್ಯಾತ ಸಮುದಾಯಗಳ ಬಡ ಹೆಣ್ಣುಮಕ್ಕಳ ಮದುವೆಗೆ 50,000 ರೂಪಾಯಿ ನೀಡುವ ಈ ಯೋಜನೆಯಲ್ಲಿ ಕ್ರೈಸ್ತರು, ಜೈನರು, ಬೌದ್ಧರು, ಸಿಕ್ಖರು, ಪಾರ್ಸಿಗಳೂ ಇದ್ದರು. ಆದರೆ ‘ಶಾದಿ ಭಾಗ್ಯ’ ಎಂಬ ಹೆಸರಿನಲ್ಲಿ ಅದು ಕೇವಲ ಮುಸ್ಲಿಮರ ಯೋಜನೆಯಾಗಿ ಚಿತ್ರಿತವಾಯಿತು, ಧರಣಿಗಳು ನಡೆದವು, ಓಲೈಕೆಯ ಕೂಗೆದ್ದಿತು. ಇನ್ನೊಂದೆಡೆ ನಮ್ಮ ಸಮುದಾಯವೂ ಕೇಳಬೇಕಾದ ಪ್ರಶ್ನೆಯೊಂದಿತ್ತು. ವರದಕ್ಷಿಣೆ ಮತ್ತು ದುಂದುವೆಚ್ಚದ ಮದುವೆಗಳಿಂದ ಬಸವಳಿದಿರುವ ಬಡ ಕುಟುಂಬಗಳಿಗೆ ಬೇಕಾದುದು ಮದುವೆಯ ಖರ್ಚಿಗೆ ಸರಕಾರಿ ಹಣವೋ, ಅದೇ ಹಣದಿಂದ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಮತ್ತು ಕಾಲೇಜೋ? ಓಲೈಕೆಯ ಗದ್ದಲದಲ್ಲಿ ಈ ಪ್ರಶ್ನೆ ಕರಗಿ ಹೋಯಿತು.

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿಯು, ಮುಸ್ಲಿಮರು ಒಂದೆಡೆ ದೇಶದ್ರೋಹಿಗಳೆಂಬ ಹಣೆಪಟ್ಟಿಯನ್ನು, ಇನ್ನೊಂದೆಡೆ ಓಲೈಕೆಗೆ ಒಳಗಾದವರೆಂಬ ಹಣೆಪಟ್ಟಿಯನ್ನು ಏಕಕಾಲಕ್ಕೆ ಹೊರುತ್ತಿದ್ದಾರೆಂದು ದಾಖಲಿಸಿತು. ಓಲೈಕೆಯ ಫಲ ಮಾತ್ರ ಅವರ ಶಾಲೆ, ಉದ್ಯೋಗ, ಬ್ಯಾಂಕ್ ಸಾಲಗಳ ಅಂಕಿಗಳಲ್ಲಿ ಎಲ್ಲೂ ಕಾಣಿಸಲಿಲ್ಲ. ಆ ವರದಿಯ ಬಳಿಕ, 2008ರಲ್ಲಿ, ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ ಆರಂಭವಾಯಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಅದನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. 1ರಿಂದ 8ನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಉಚಿತ ಶಿಕ್ಷಣವಿದೆ ಎಂಬುದು ಕೊಟ್ಟ ಕಾರಣ. ಮರು ತಿಂಗಳು ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಂತುಹೋಯಿತು. ನಮ್ಮ ಎಷ್ಟು ಮೊಹಲ್ಲಾಗಳಲ್ಲಿ ಈ ಬಗ್ಗೆ ಒಂದು ಸಭೆಯಾದರೂ ನಡೆಯಿತು? ಕಾನೂನಿನ ಬೆಂಬಲವಿಲ್ಲದ ಯೋಜನೆಯು ಒಂದು ಸುತ್ತೋಲೆಯಿಂದ ಹುಟ್ಟುತ್ತದೆ, ಇನ್ನೊಂದು ಸುತ್ತೋಲೆಯಿಂದ ಸಾಯುತ್ತದೆ.

ಪಕ್ಷಗಳ ಎರಡು ನಾಲಗೆ

2022ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಉಚಿತ ಕೊಡುಗೆಗಳ ರಾಜಕೀಯವನ್ನು ‘ರೇವಡಿ’ ಸಂಸ್ಕೃತಿ, ಅಂದರೆ ಎಳ್ಳುಮಿಠಾಯಿ ಹಂಚುವ ಸಂಸ್ಕೃತಿ ಎಂದು ಕರೆದು, ಅದು ದೇಶದ ಅಭಿವೃದ್ಧಿಗೆ ಅಪಾಯಕಾರಿ ಎಂದರು. ಆದರೆ 2023ರಲ್ಲಿ ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ, 2024ರಲ್ಲಿ ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್ ಬಂದವು. 2025ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಬಿಹಾರದ 75 ಲಕ್ಷ ಮಹಿಳೆಯರ ಖಾತೆಗೆ ತಲಾ 10,000 ರೂಪಾಯಿ ಜಮೆಯಾಯಿತು. ಎದುರಾಳಿ ಕೊಟ್ಟರೆ ಮಿಠಾಯಿ, ತಾನು ಕೊಟ್ಟರೆ ಸಬಲೀಕರಣ! ಇದು ಒಂದೇ ಪಕ್ಷದ ರೋಗವಲ್ಲ. ಎಲ್ಲ ಪಕ್ಷಗಳೂ ಜನರ ಹಣದಿಂದ ಕೊಟ್ಟು, ನಾಯಕನ ಭಾವಚಿತ್ರವನ್ನು ಚೀಲದ ಮೇಲೆ ಅಚ್ಚು ಹಾಕಿಸುತ್ತವೆ.

ಚುನಾವಣಾ ಪ್ರಣಾಳಿಕೆಯ ಇಂಥ ಭರವಸೆಗಳು ಕಾನೂನಿನ ಅರ್ಥದಲ್ಲಿ ಭ್ರಷ್ಟಾಚಾರವಲ್ಲ ಎಂದು 2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು, ಜೊತೆಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ನಿರ್ದೇಶಿಸಿತು. ಆದರೆ ನಮ್ಮ ಮಟ್ಟಿಗೆ ನಿಜವಾದ ವ್ಯತ್ಯಾಸವಿರುವುದು ಉಚಿತ ಮತ್ತು ಖರೀದಿಯ ನಡುವೆ ಅಲ್ಲ, ಕಾನೂನು ಮತ್ತು ಕೃಪೆಯ ನಡುವೆ. 2005ರ ಉದ್ಯೋಗ ಖಾತರಿ ಕಾಯ್ದೆಯನ್ನು ನೆನಪಿಸಿಕೊಳ್ಳಿರಿ. ಅರ್ಜಿ ಸಲ್ಲಿಸಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ತೆ ನೀಡಬೇಕೆಂದು ಅದು ವಿಧಿಸಿತ್ತು. 2015ರಲ್ಲಿ ಪ್ರಧಾನಿಯವರು ಅದನ್ನು ಲೋಕಸಭೆಯಲ್ಲಿ ಹಿಂದಿನ ಸರಕಾರಗಳ ವೈಫಲ್ಯದ ಸ್ಮಾರಕವೆಂದು ಕರೆದರು. ಆದರೂ 2020-21ರ ಸಂಕಷ್ಟದಲ್ಲಿ ಅದೇ ಕಾಯ್ದೆಗೆ 40,000 ಕೋಟಿ ರೂಪಾಯಿಯನ್ನು ಹೆಚ್ಚುವರಿಯಾಗಿ ಒದಗಿಸಬೇಕಾಯಿತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೇರಿದವು, ಆದರೆ ಹೆಚ್ಚಿನ ರಾಜ್ಯಗಳು ವೆಚ್ಚದ ಶೇ. 40ನ್ನು ಭರಿಸಬೇಕಾಯಿತು. ಹೆಚ್ಚಿದ ದಿನಗಳನ್ನು ಎಲ್ಲರೂ ಎಣಿಸಿದರು. ರಾಜ್ಯದ ಖಜಾನೆಯಲ್ಲಿ ಹಣವಿಲ್ಲದಿದ್ದರೆ ಆ ದಿನಗಳು ಕಾಗದದಲ್ಲೇ ಉಳಿಯುತ್ತವೆಯೇ ಎಂಬುದನ್ನು ಎಣಿಸುವವರು ಬೇಕಾಗಿದ್ದಾರೆ.

ನ್ಯಾಯವಾದ ಟೀಕೆ, ನಮ್ಮ ಹೊಣೆ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಯೋಜನೆಗಳೂ ದೋಷಮುಕ್ತವೆಂದು ನಾವು ವಾದಿಸುತ್ತಿಲ್ಲ. ಶಕ್ತಿ ಯೋಜನೆಯಿಂದ ಆದಾಯ ಕಳೆದುಕೊಂಡ ಆಟೊ ಚಾಲಕರು ಮತ್ತು ಖಾಸಗಿ ಬಸ್ಸಿನವರು 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ನಡೆಸಿದರು. ಅವರ ಅಳಲು ಸುಳ್ಳಲ್ಲ, ನಮ್ಮ ಸಮುದಾಯದ ಬಹಳಷ್ಟು ಮನೆಗಳು ಆಟೊದ ಗಳಿಕೆಯಿಂದಲೇ ನಡೆಯುತ್ತವೆ. ಗೃಹಲಕ್ಷ್ಮಿಯ ಕಂತುಗಳು ತಿಂಗಳುಗಟ್ಟಲೆ ತಡವಾದದ್ದೂ ನಿಜ. ಪ್ರತಿ ತಿಂಗಳೂ ಬರುವುದೆಂದು ನಂಬಿ ಚೀಟಿ ಕಟ್ಟಿದ, ಮಗುವಿನ ಶುಲ್ಕಕ್ಕೆ ಮಾತು ಕೊಟ್ಟ ತಾಯಿಗೆ, ಬಾರದ ಕಂತು ಸಾಲವಾಗಿ ಪರಿಣಮಿಸುತ್ತದೆ. ಸರಕಾರಿ ಶಾಲೆಯಲ್ಲಿ ಶಿಕ್ಷಕನಿಲ್ಲದೆ, ಆಸ್ಪತ್ರೆಯಲ್ಲಿ ವೈದ್ಯನಿಲ್ಲದೆ ಖಾತೆಗೆ 2000 ರೂಪಾಯಿ ಬಂದರೆ ಆ ಹಣ ಖಾಸಗಿ ಶಾಲೆ ಮತ್ತು ನರ್ಸಿಂಗ್ ಹೋಮ್‌ಗಳ ಕೌಂಟರಿನಲ್ಲಿ ಕರಗಿ ಹೋಗುತ್ತದೆ. ಶಾಲೆಯ ಜೊತೆಗೆ ನಗದು ಇರಲಿ, ಶಾಲೆಯ ಬದಲಿಗೆ ನಗದು ಬೇಡ. ನ್ಯಾಯವಾದ ಟೀಕೆಯೆಂದರೆ ಇದು.

ಇನ್ನೂ ಗಂಭೀರವಾದುದು ಪಟ್ಟಿಯಿಂದ ಹೊರಬಿದ್ದವರ ಪ್ರಶ್ನೆ. 2017ರ ಜುಲೈಯಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಮೃತಪಟ್ಟರು. ಆಧಾರ್ ಜೋಡಣೆಯಾಗದ ಕಾರಣ ಆ ಕುಟುಂಬಕ್ಕೆ ತಿಂಗಳುಗಳಿಂದ ಪಡಿತರ ಸಿಕ್ಕಿರಲಿಲ್ಲ ಎಂದು ಹಕ್ಕುಗಳ ಹೋರಾಟಗಾರರು ವರದಿ ಮಾಡಿದರು. ಹಸಿವಿನಿಂದ ಸತ್ತಿಲ್ಲವೆಂದು ಅಧಿಕಾರಿಗಳು ಹೇಳಿದರು. ಸಾವಿನ ಕಾರಣದ ಬಗ್ಗೆ ವಾದಿಸಬಹುದು. ಆದರೆ ಪಡಿತರ ನಿಂತ ಮನೆಯೊಂದರ ಬಗ್ಗೆ, ಮೂವರು ಸಾಯುವವರೆಗೆ ಊರಿಗೆ ಊರೇ ಸುಮ್ಮನಿದ್ದದ್ದೇಕೆ? ಅನರ್ಹರು ನುಸುಳುತ್ತಾರೆಂದು ಕೂಗುವ ಸಾವಿರ ಬಾಯಿಗಳಿವೆ, ಅರ್ಹರು ಹೊರಗುಳಿದರೆಂದು ಹೇಳಲು ಒಂದು ಬಾಯಿಯೂ ಇಲ್ಲವಲ್ಲ! 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ಆರಂಭವಾದಾಗ ನಿಜವಾದ ಬಡವರ ಕಾರ್ಡುಗಳೂ ರದ್ದಾದವು, ಜನರು ದೂರಿದ ಬಳಿಕವೇ ಸರಕಾರ ಅವುಗಳನ್ನು ಮರಳಿಸಲು ಮುಂದಾಯಿತು.

ಆದ್ದರಿಂದ ಪಟ್ಟಣಗಳ ನಮ್ಮ ಕುಟುಂಬಗಳ ಮುಂದೆ ಮೂರು ಕೆಲಸಗಳಿವೆಯೆಂದು ನಾವು ಭಾವಿಸುತ್ತೇವೆ. ಮೊದಲನೆಯದು, ಅನುಕೂಲವಿದ್ದೂ ಬಿಪಿಎಲ್ ಕಾರ್ಡ್ ಇಟ್ಟುಕೊಂಡವರು ಅದನ್ನು ಹಿಂದಿರುಗಿಸಲಿ. ಮನೆಯ ಮುಂದೆ ಕಾರು, ಕೈಯಲ್ಲಿ ಬಡತನದ ಕಾರ್ಡ್ ಹಿಡಿದವನು ಸರಕಾರಕ್ಕೆ ಮಾತ್ರ ಮೋಸ ಮಾಡುವುದಿಲ್ಲ. ಬಡವರನ್ನು ಕಳ್ಳರೆಂದು ಕರೆಯುವವರಿಗೆ ಆತ ಸಾಕ್ಷಿಯನ್ನು ಒದಗಿಸುತ್ತಾನೆ. ಎರಡನೆಯದು, ಪ್ರತಿ ಮೊಹಲ್ಲಾದಲ್ಲಿ ನಾಲ್ಕು ಮಂದಿ ವಿದ್ಯಾವಂತ ಯುವಕ ಯುವತಿಯರು ವಾರದಲ್ಲಿ ಎರಡು ಗಂಟೆ ಮೀಸಲಿಟ್ಟು ವಿಧವೆಯರು, ಬೀಡಿ ಕಾರ್ಮಿಕರು, ವಲಸೆ ಬಂದವರು, ವೃದ್ಧರ ದಾಖಲೆಗಳನ್ನು ಪರಿಶೀಲಿಸಲಿ. ಆಧಾರಿನಲ್ಲೊಂದು, ಪಡಿತರ ಚೀಟಿಯಲ್ಲೊಂದು ಹೆಸರಿರುವುದರಿಂದಲೇ ಎಷ್ಟೋ ಮನೆಗಳ ಪಿಂಚಣಿ, ವಿದ್ಯಾರ್ಥಿವೇತನಗಳು ನಿಂತಿವೆ. ಈ ಸೇವೆಗೆ ಜಾತಿ ಧರ್ಮಗಳ ಗಡಿ ಇರಬಾರದು. ನಮ್ಮ ಬೀದಿಯ ಮುಸ್ಲಿಮೇತರ ವೃದ್ಧೆಯ ಪಿಂಚಣಿಗೂ ನಮ್ಮ ಯುವಕರೇ ಓಡಾಡಲಿ. ‘ಅವರಿಗೆ ಕೊಡುತ್ತಾರೆ’ ಎಂಬ ವಿಷಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಮೂರನೆಯದು, ಮತ ಕೇಳಲು ಬರುವವರೊಡನೆ ‘ನಮಗೇನು ಕೊಡುತ್ತೀರಿ?’ ಎಂದು ಕೇಳುವುದನ್ನು ನಿಲ್ಲಿಸಿ, ‘ಯಾವುದನ್ನು ಕಾನೂನಾಗಿ ಮಾಡುತ್ತೀರಿ? ಹಣ ಎಲ್ಲಿಂದ ತರುತ್ತೀರಿ? ಕೊಡದಿದ್ದರೆ ನಾವು ಯಾರಲ್ಲಿ ದೂರಬೇಕು?’ ಎಂದು ಕೇಳೋಣ.

ಇದರೊಂದಿಗೆ ನಮ್ಮ ಮನೆಯಂಗಳದ ಒಂದು ಮಾತು. ರಮಝಾನ್‌ನಲ್ಲಿ ಬಡವರಿಗೆ ಕಿಟ್ ವಿತರಿಸಿ, ಕಿಟ್ ಹಿಡಿದ ವೃದ್ಧೆಯ ಪಕ್ಕದಲ್ಲಿ ದಾನಿಗಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಪರಿಪಾಠ ನಮ್ಮಲ್ಲಿ ಬೆಳೆದಿದೆ. ಝಕಾತ್ ಎಂಬುದು ಬಡವನ ಹಕ್ಕು, ಉಳ್ಳವನ ಔದಾರ್ಯವಲ್ಲ ಎಂದು ಬಾಲ್ಯದಿಂದ ಕೇಳುತ್ತಾ ಬೆಳೆದ ಸಮುದಾಯ ನಾವು. ಹಕ್ಕನ್ನು ಸಲ್ಲಿಸುವಾಗ ಫೋಟೊ ಏಕೆ? ಅಕ್ಕಿ ಚೀಲದ ಮೇಲಿನ ಮಂತ್ರಿಯ ಚಿತ್ರವನ್ನು ಟೀಕಿಸುವ ಅರ್ಹತೆ ನಮಗೆ ಬರಬೇಕಾದರೆ ನಮ್ಮ ಕಿಟ್‌ಗಳ ಮೇಲಿನ ಚಿತ್ರವನ್ನು ಮೊದಲು ತೆಗೆಯಬೇಕಾಗಿದೆ.

ಸಹೋದರ ಸಹೋದರಿಯರೇ, ಸರಕಾರಗಳು ಬದಲಾಗುತ್ತವೆ, ಯೋಜನೆಗಳ ಹೆಸರುಗಳೂ ಬದಲಾಗುತ್ತವೆ. ಸೋತವರ ಯೋಜನೆಯನ್ನು ಗೆದ್ದವರು ಮುಚ್ಚುವುದು ನಮ್ಮ ದೇಶದಲ್ಲಿ ಹೊಸತಲ್ಲ. ಹಾಗೆ ಮುಚ್ಚಿದಾಗ ಜನರು ‘ಪಾಪ, ಕೊಡುತ್ತಿದ್ದರು, ನಿಲ್ಲಿಸಿದರು’ ಎಂದು ನಿಟ್ಟುಸಿರು ಬಿಟ್ಟರೆ ಅದು ಭಿಕ್ಷೆಯಾಗಿತ್ತು ಎಂದರ್ಥ. ‘ನಮ್ಮದನ್ನು ನಿಲ್ಲಿಸಲು ನೀವಾರು?’ ಎಂದು ಲೆಕ್ಕಪತ್ರದೊಂದಿಗೆ ಪ್ರಶ್ನಿಸಿದರೆ ಅದು ಹಕ್ಕಾಗಿತ್ತು ಎಂದರ್ಥ. ನಮ್ಮ ನೆರೆಮನೆಯ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸುವುದರಿಂದ ಹಿಡಿದು ಶಾಸಕರನ್ನು ಪ್ರಶ್ನಿಸುವವರೆಗೆ ಈ ಕೆಲಸ ನಮ್ಮೆಲ್ಲರದ್ದು.